ಮನೆ ನೆಟ್‌ವರ್ಕಿನಲ್ಲಿ ಫೋಲ್ಡರ್ ಹಂಚಿಕೆ: ಪಾಸ್‌ವರ್ಡ್ ತೆಗೆಯಬೇಡಿ, ಬೇರೆ ಯೂಸರ್ ಮಾಡಿ

ಒಂದು ಕಂಪ್ಯೂಟರಿನ ಫೋಲ್ಡರ್ ಇನ್ನೊಂದರಲ್ಲಿ ತೆರೆಯುತ್ತಿಲ್ಲ ಎಂದು ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸಿಗುವ ಸಲಹೆಗಳು ಹೆಚ್ಚುಕಡಿಮೆ ಇವೇ: ‘ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್’ ಆಫ್ ಮಾಡಿ, ಫೈರ್‌ವಾಲ್ ಆಫ್ ಮಾಡಿ, ಎಸ್‌ಎಂಬಿ 1 ಆನ್ ಮಾಡಿ. ಮೂರೂ ಬೇಡ. ಎಸ್‌ಎಂಬಿ 1 ಎಂಬ ಹಳೆಯ ಫೈಲ್ ಹಂಚಿಕೆ ಪ್ರೋಟೊಕಾಲಿನ ದೋಷವನ್ನೇ ಹಿಡಿದು 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ವೈರಸ್ ಹಬ್ಬಿತು. ನೆಟ್‌ವರ್ಕಿನ ಒಂದು ಯಂತ್ರಕ್ಕೆ ಬಂದರೆ ಸಾಕು, ಪಕ್ಕದ ಯಂತ್ರಗಳಿಗೆ ಯಾರೂ ಏನೂ ಕ್ಲಿಕ್ ಮಾಡದೆಯೇ ಹೋಗುತ್ತಿತ್ತು. ಆ ವರ್ಷದ ಕೊನೆಯಲ್ಲಿ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಮೈಕ್ರೋಸಾಫ್ಟ್ ಅದನ್ನು ಹೊಸ ಇನ್‌ಸ್ಟಾಲೇಶನ್‌ಗಳಲ್ಲಿ ಹಾಕುವುದನ್ನೇ ಬಿಟ್ಟಿತು. ಹಳೆಯ ರೌಟರಿನ ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸಿದ ಡಿಸ್ಕ್ ಎಸ್‌ಎಂಬಿ 1ರಲ್ಲಿ ಮಾತ್ರ ತೆರೆಯುತ್ತದೆ ಎಂದಾದರೆ, ಡಿಸ್ಕನ್ನು ಕಿತ್ತು ಕಂಪ್ಯೂಟರಿಗೇ ಹಾಕಿ ಕಾಪಿ ಮಾಡಿಕೊಳ್ಳಿ. ಅದಕ್ಕಾಗಿ ಇಡೀ ಮನೆಯ ಯಂತ್ರಗಳನ್ನು ತೆರೆದಿಡುವುದು ಬೇಡ.

ಸರಿಯಾದ ದಾರಿಯೂ ಕಷ್ಟದ್ದಲ್ಲ. ಹಂಚಿಕೆಗೆಂದೇ ಒಂದು ಯೂಸರ್ ಅಕೌಂಟ್, ಅದಕ್ಕೊಂದು ಪಾಸ್‌ವರ್ಡ್, ಅದಕ್ಕೆ ಒಂದೇ ಫೋಲ್ಡರಿನ ಅನುಮತಿ. ಹತ್ತು ನಿಮಿಷದ ಕೆಲಸ. ಆದರೆ ಕ್ರಮ ಮುಖ್ಯ: ಮೊದಲು ನೆಟ್‌ವರ್ಕ್, ಆಮೇಲೆ ಯೂಸರ್, ಆಮೇಲೆ ಅನುಮತಿ, ಕೊನೆಗೆ ಕಾಪಿ. ಕೆಳಗೆ ಆಜ್ಞೆಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಯಿರಿ.

ಎರಡೂ ಯಂತ್ರ ನಿಜಕ್ಕೂ ಒಂದೇ ನೆಟ್‌ವರ್ಕಿನಲ್ಲಿವೆಯೇ?

ಎರಡೂ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್’ ಕೊಡಿ. ಐಪಿವಿ4 ವಿಳಾಸ ಒಂದರಲ್ಲಿ 192.168.1.20, ಇನ್ನೊಂದರಲ್ಲಿ 192.168.1.35 ಎಂಬಂತೆ ಮೊದಲ ಮೂರು ಭಾಗ ಒಂದೇ ಇದ್ದರೆ ಸರಿ. ಒಂದರಲ್ಲಿ 192.168.1, ಇನ್ನೊಂದರಲ್ಲಿ 192.168.0 ಎಂದಿದ್ದರೆ ಮನೆಯಲ್ಲಿ ಎರಡು ರೌಟರ್‌ಗಳು ಒಂದರ ಹಿಂದೆ ಒಂದು ಕೂತಿವೆ ಎಂದರ್ಥ. ಫೈಬರ್ ಕಂಪನಿಯವರು ಕೊಟ್ಟ ಡಬ್ಬಿಯೇ ರೌಟರ್ ಆಗಿರುತ್ತದೆ. ಸಿಗ್ನಲ್ ಸಾಲದೆಂದು ಮಹಡಿಗೆ ಇನ್ನೊಂದು ತಂದು ಅದರ ವ್ಯಾನ್ (ಇಂಟರ್ನೆಟ್ ಬರುವ) ಪೋರ್ಟಿಗೆ ಕೇಬಲ್ ಹಾಕಿರುತ್ತೇವೆ. ಆಗ ಮಹಡಿಯ ಲ್ಯಾಪ್‌ಟಾಪಿನಿಂದ ಕೆಳಗಿನ ಕಂಪ್ಯೂಟರ್ ಸಿಗುತ್ತದೆ, ಕೆಳಗಿನಿಂದ ಮಹಡಿಯದು ಸಿಗುವುದಿಲ್ಲ. ಒಂದೇ ದಿಕ್ಕಿನಲ್ಲಿ ಕೆಲಸ ಮಾಡುವ ಶೇರಿಂಗ್ ಕಂಡರೆ ಮೊದಲು ಇದನ್ನೇ ಅನುಮಾನಿಸಿ. ಎರಡನೆಯ ರೌಟರಿನ ಸೆಟ್ಟಿಂಗಿಗೆ ಹೋಗಿ ‘ಆ್ಯಕ್ಸೆಸ್ ಪಾಯಿಂಟ್ ಮೋಡ್’ ಮಾಡಿದರೆ ಮುಗಿಯಿತು.

ಗೆಸ್ಟ್ ವೈಫೈ ಇನ್ನೊಂದು ಅಡ್ಡಿ. ಅದರಲ್ಲಿರುವ ಯಂತ್ರಗಳು ಸಾಮಾನ್ಯವಾಗಿ ಪರಸ್ಪರ ಕಾಣಬಾರದು ಎಂದೇ ಅದನ್ನು ಮಾಡಿರುತ್ತಾರೆ. ಕೆಲವು ರೌಟರ್‌ಗಳಲ್ಲಿ ‘ಎಪಿ ಐಸೋಲೇಶನ್’ ಎಂಬ ಗುಂಡಿ ಮುಖ್ಯ ವೈಫೈಗೂ ಆನ್ ಆಗಿರುತ್ತದೆ, ಆಫ್ ಮಾಡಿ. ಆಫೀಸ್ ಲ್ಯಾಪ್‌ಟಾಪಿನಲ್ಲಿ ವಿಪಿಎನ್ ಓಡುತ್ತಿದ್ದರೆ ಅದೂ ಮನೆಯ ಯಂತ್ರಗಳ ದಾರಿ ಮುಚ್ಚಬಹುದು.

ಮುಂದೆ, ಫೋಲ್ಡರ್ ಇರುವ ಯಂತ್ರದಲ್ಲಿ ಸೆಟ್ಟಿಂಗ್ಸ್ ತೆರೆದು, ಆ ವೈಫೈ ಅಥವಾ ಈಥರ್‌ನೆಟ್ಟಿನ ಪ್ರಾಪರ್ಟೀಸ್‌ನಲ್ಲಿ ‘ಪ್ರೈವೇಟ್ ನೆಟ್‌ವರ್ಕ್’ ಆಯ್ಕೆ ಮಾಡಿ. ವಿಂಡೋಸ್ 11 ಹೊಸ ನೆಟ್‌ವರ್ಕನ್ನು ‘ಪಬ್ಲಿಕ್’ ಎಂದೇ ಎಣಿಸುತ್ತದೆ, ಪಬ್ಲಿಕ್ ಆಗಿದ್ದಷ್ಟು ದಿನ ಫೈರ್‌ವಾಲ್ ಶೇರಿಂಗನ್ನು ತಡೆಯುತ್ತದೆ. ಫೈರ್‌ವಾಲನ್ನೇ ಆಫ್ ಮಾಡಿದವರಿಗೆ ಬೇಕಾಗಿದ್ದದ್ದು ಈ ಒಂದು ಗುಂಡಿ. ನಂತರ ‘ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸ್’ನಲ್ಲಿ ಪ್ರೈವೇಟ್ ಪಟ್ಟಿಯ ‘ಫೈಲ್ ಆ್ಯಂಡ್ ಪ್ರಿಂಟರ್ ಶೇರಿಂಗ್’ ಆನ್ ಇರಲಿ.

ಈಗ ಇನ್ನೊಂದು ಯಂತ್ರದ ಪವರ್‌ಶೆಲ್‌ನಲ್ಲಿ:

ಟೆಸ್ಟ್-ನೆಟ್‌ಕನೆಕ್ಷನ್ 192.168.1.20 -ಪೋರ್ಟ್ 445

ಕೊನೆಯ ಸಾಲಿನಲ್ಲಿ ‘ಟ್ರೂ’ ಬಂದರೆ ನೆಟ್‌ವರ್ಕ್ ಸರಿ ಇದೆ, ಇನ್ನು ಆ ಕಡೆ ತಿರುಗಿ ನೋಡಬೇಡಿ. ‘ಫಾಲ್ಸ್’ ಬಂದರೆ ಯೂಸರ್, ಪಾಸ್‌ವರ್ಡ್ ಎಂದು ತಲೆ ಕೆಡಿಸಿಕೊಳ್ಳಬೇಡಿ. ತೊಂದರೆ ಇನ್ನೂ ನೆಟ್‌ವರ್ಕಿನಲ್ಲೇ ಇದೆ. 445 ಎಂಬುದು ಎಸ್‌ಎಂಬಿಯ ಪೋರ್ಟ್. ಬರೀ ಪಿಂಗ್ ಮಾಡಿ ನೋಡುವುದಕ್ಕಿಂತ ಈ ಪರೀಕ್ಷೆ ಖಚಿತ.

ಎಕ್ಸ್‌ಪ್ಲೋರರ್‌ನ ‘ನೆಟ್‌ವರ್ಕ್’ ಪಟ್ಟಿಯಲ್ಲಿ ಕಂಪ್ಯೂಟರಿನ ಹೆಸರು ಕಾಣದಿದ್ದರೆ ಗಾಬರಿ ಬೇಡ. ಹೆಸರು ಕಾಣುವುದು ಬೇರೆ ಸರ್ವಿಸಿನ ಕೆಲಸ, ಫೋಲ್ಡರ್ ತೆರೆಯುವುದು ಬೇರೆ. ಹೆಸರು ಬೇಕೇ ಬೇಕೆಂದರೆ ಸರ್ವಿಸಸ್‌ನಲ್ಲಿ ‘ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಶನ್’ ಎಂಬುದನ್ನು ಆಟೋಮ್ಯಾಟಿಕ್ ಮಾಡಿ. ವಿಳಾಸ ದಿನಕ್ಕೊಂದು ಆಗದಂತೆ ರೌಟರಿನ ಡಿಎಚ್‌ಸಿಪಿ (ಯಂತ್ರಗಳಿಗೆ ವಿಳಾಸ ಕೊಡುವ) ಪುಟದಲ್ಲಿ ಆ ಯಂತ್ರಕ್ಕೆ 192.168.1.20 ಅನ್ನು ಕಾಯ್ದಿರಿಸಿ. ವೈಫೈಯಲ್ಲಿದ್ದರೆ ‘ರ‍್ಯಾಂಡಮ್ ಹಾರ್ಡ್‌ವೇರ್ ಅಡ್ರೆಸ್’ ಆಫ್ ಇರಬೇಕು, ಇಲ್ಲವಾದರೆ ಕಾಯ್ದಿರಿಸಿದ್ದು ಉಪಯೋಗಕ್ಕೆ ಬರುವುದಿಲ್ಲ.

ಯೂಸರ್ ಮತ್ತು ಅನುಮತಿ

ಇಲ್ಲಿ ಬಹಳ ಜನ ಸಿಕ್ಕಿಹಾಕಿಕೊಳ್ಳುವುದು ಪಿನ್ ವಿಷಯದಲ್ಲಿ. ಲ್ಯಾಪ್‌ಟಾಪ್ ತೆರೆಯಲು ಹೊಡೆಯುವ 4 ಅಂಕಿಯ ಪಿನ್ ಆ ಯಂತ್ರಕ್ಕಷ್ಟೇ ಸೀಮಿತ. ನೆಟ್‌ವರ್ಕಿನಿಂದ ಬರುವವರಿಗೆ ಅದು ನಡೆಯದು. ಪಾಸ್‌ವರ್ಡೇ ಇಲ್ಲದ ಅಕೌಂಟ್ ಕೂಡ ನಡೆಯದು, ಏಕೆಂದರೆ ಖಾಲಿ ಪಾಸ್‌ವರ್ಡಿನ ಅಕೌಂಟಿಗೆ ಯಂತ್ರದ ಮುಂದೆ ಕೂತವರನ್ನು ಮಾತ್ರ ವಿಂಡೋಸ್ ಒಳಗೆ ಬಿಡುತ್ತದೆ. ಮೈಕ್ರೋಸಾಫ್ಟ್ ಅಕೌಂಟಿನ ಪಾಸ್‌ವರ್ಡ್ ಕೆಲವೊಮ್ಮೆ ನಡೆಯುತ್ತದೆ, ಕೆಲವೊಮ್ಮೆ ಕೈಕೊಡುತ್ತದೆ, ಮತ್ತು ಅದನ್ನು ಮನೆಯ ಪ್ರತಿ ಯಂತ್ರದಲ್ಲೂ ಸೇವ್ ಮಾಡಿಡುವುದು ನನಗೆ ಸರಿ ಕಾಣುವುದಿಲ್ಲ. ಅದೇ ಪಾಸ್‌ವರ್ಡಿನಲ್ಲಿ ನಿಮ್ಮ ಮೇಲ್ ಕೂಡ ಇದೆ.

ಹಾಗಾಗಿ ಫೋಲ್ಡರ್ ಇರುವ ಯಂತ್ರದಲ್ಲಿ ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು:

ನೆಟ್ ಯೂಸರ್ ಹಂಚಿಕೆ * /ಆ್ಯಡ್

ಎಂದು ಕೊಡಿ. ನಕ್ಷತ್ರ ಹಾಕಿದ್ದರಿಂದ ಪಾಸ್‌ವರ್ಡ್ ಕೇಳುತ್ತದೆ, ಹೊಡೆಯುವಾಗ ತೆರೆಯ ಮೇಲೆ ಏನೂ ಮೂಡುವುದಿಲ್ಲ. ವಿಂಡೋಸ್ ಹೋಮ್ ಆವೃತ್ತಿಯಲ್ಲಿ ಯೂಸರ್‌ಗಳನ್ನು ನಿರ್ವಹಿಸುವ ‘ಲೋಕಲ್ ಯೂಸರ್ಸ್ ಆ್ಯಂಡ್ ಗ್ರೂಪ್ಸ್’ ಕಿಟಕಿ ಇಲ್ಲ, ಆದರೆ ಈ ಆಜ್ಞೆ ಹೋಮ್‌ನಲ್ಲೂ ನಡೆಯುತ್ತದೆ.

ಡಿ ಡ್ರೈವಿನಲ್ಲಿ ಒಂದು ಫೋಲ್ಡರ್ ಮಾಡಿ. ಸಿ ಡ್ರೈವಿನ ‘ಯೂಸರ್ಸ್’ ಫೋಲ್ಡರನ್ನೇ ಹಂಚಬೇಡಿ. ಅದರೊಳಗೆ ಬ್ರೌಸರಿನ ಡೇಟಾದಿಂದ ಹಿಡಿದು ಎಲ್ಲವೂ ಇದೆ. ಫೋಲ್ಡರಿನ ಪ್ರಾಪರ್ಟೀಸ್, ಶೇರಿಂಗ್, ಅಡ್ವಾನ್ಸ್ಡ್ ಶೇರಿಂಗ್, ‘ಶೇರ್ ದಿಸ್ ಫೋಲ್ಡರ್’. ಶೇರ್ ಹೆಸರು ಚಿಕ್ಕದಾಗಿ, ಇಂಗ್ಲಿಷಿನಲ್ಲಿ, ನಡುವೆ ಜಾಗ ಬಿಡದೆ ಇರಲಿ, ಟೈಪ್ ಮಾಡಲು ಸುಲಭ. ಇಲ್ಲಿ ಶೇರಿಗೂ ‘ಹಂಚಿಕೆ’ ಎಂದೇ ಹೆಸರಿಟ್ಟಿದ್ದೇನೆ. ಪರ್ಮಿಷನ್ಸ್‌ನಲ್ಲಿ ‘ಎವ್ರಿವನ್’ ತೆಗೆದು ‘ಹಂಚಿಕೆ’ ಯೂಸರನ್ನು ಸೇರಿಸಿ. ಓದಲು ಮಾತ್ರ ಸಾಕಿದ್ದರೆ ‘ರೀಡ್’, ಬರೆಯಲೂ ಬೇಕಿದ್ದರೆ ‘ಚೇಂಜ್’. ‘ಫುಲ್ ಕಂಟ್ರೋಲ್’ ಯಾರಿಗೂ ಬೇಕಾಗಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಕೆಲಸ. ವಿಂಡೋಸಿನಲ್ಲಿ ಅನುಮತಿ ಎರಡು ಕಡೆ ಇದೆ: ಶೇರಿಂಗ್ ಟ್ಯಾಬಿನದೊಂದು, ಸೆಕ್ಯುರಿಟಿ ಟ್ಯಾಬಿನದೊಂದು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಶೇರಿಂಗಿನಲ್ಲಿ ‘ಚೇಂಜ್’ ಕೊಟ್ಟು ಸೆಕ್ಯುರಿಟಿಯಲ್ಲಿ ‘ರೀಡ್’ ಮಾತ್ರ ಇದ್ದರೆ ಫೈಲ್ ತೆರೆಯುತ್ತದೆ, ಸೇವ್ ಆಗುವುದಿಲ್ಲ. ಆದ್ದರಿಂದ ಸೆಕ್ಯುರಿಟಿ ಟ್ಯಾಬಿನಲ್ಲೂ ‘ಹಂಚಿಕೆ’ ಯೂಸರಿಗೆ ‘ಮಾಡಿಫೈ’ ಕೊಡಿ.

ಒಂದೇ ಫೋಲ್ಡರಿನಲ್ಲಿ ಕೆಲವು ಫೈಲ್ ತೆರೆದು ಕೆಲವು ‘ಆ್ಯಕ್ಸೆಸ್ ಡಿನೈಡ್’ ಎನ್ನುವುದೂ ಉಂಟು. ಕಾರಣ ಇಷ್ಟೇ: ಹೊಸದಾಗಿ ಕಾಪಿ ಆದ ಫೈಲ್ ತಾನು ಬಂದು ಸೇರಿದ ಫೋಲ್ಡರಿನ ಅನುಮತಿ ಪಡೆಯುತ್ತದೆ, ಆದರೆ ಅದೇ ಡ್ರೈವಿನೊಳಗೆ ಕಟ್ ಮಾಡಿ ಪೇಸ್ಟ್ ಮಾಡಿದ್ದು ಹಳೆಯ ಜಾಗದ ಅನುಮತಿಯನ್ನೇ ಹೊತ್ತು ಬರುತ್ತದೆ. ಸೆಕ್ಯುರಿಟಿ ಟ್ಯಾಬಿನ ‘ಅಡ್ವಾನ್ಸ್ಡ್’ಗೆ ಹೋಗಿ, ಒಳಗಿನ ಎಲ್ಲದಕ್ಕೂ ಇದೇ ಅನುಮತಿ ಹಾಕುವ ಕೊನೆಯ ಚೌಕಕ್ಕೆ, ಅಂದರೆ ‘ರಿಪ್ಲೇಸ್ ಆಲ್ ಚೈಲ್ಡ್ ಆಬ್ಜೆಕ್ಟ್’ ಎಂದು ಶುರುವಾಗುವುದಕ್ಕೆ, ಗುರುತು ಹಾಕಿದರೆ ಸರಿಹೋಗುತ್ತದೆ.

ಇನ್ನೊಂದು ಯಂತ್ರದಿಂದ ತೆರೆಯಲು ವಿಂಡೋಸ್ ಕೀ ಜೊತೆ ಆರ್ ಒತ್ತಿ \\192.168.1.20\ಹಂಚಿಕೆ ಎಂದು ಕೊಡಿ. ಯೂಸರ್ ಹೆಸರು ಕೇಳಿದಾಗ ಬರೀ ‘ಹಂಚಿಕೆ’ ಎನ್ನದೆ, ಫೋಲ್ಡರ್ ಇರುವ ಕಂಪ್ಯೂಟರಿನ ಹೆಸರು, ಹಿಂದುಗಟ್ಟೆ (\), ನಂತರ ಯೂಸರ್ ಹೆಸರು ಕೊಡಿ. ಅದೇ ಯಂತ್ರಕ್ಕೆ ಮೊದಲೇ ಬೇರೆ ಹೆಸರಿನಲ್ಲಿ ಹೋಗಿದ್ದರೆ 1219 ಎಂಬ ದೋಷ ಬರುತ್ತದೆ. ಒಂದು ಸರ್ವರಿಗೆ ಒಂದೇ ಹೊತ್ತಿನಲ್ಲಿ ಎರಡು ಯೂಸರ್ ಹೆಸರು ಸಲ್ಲದು. ‘ನೆಟ್ ಯೂಸ್ * /ಡಿಲೀಟ್’ ಕೊಟ್ಟು, ಕ್ರೆಡೆನ್ಶಿಯಲ್ ಮ್ಯಾನೇಜರಿನಲ್ಲಿ ಹಳೆಯದನ್ನು ಅಳಿಸಿ, ಮತ್ತೆ ಹೋಗಿ. 0ಎಕ್ಸ್80070035 ಎಂಬುದು ‘ದಾರಿಯೇ ಸಿಗಲಿಲ್ಲ’ ಎಂಬ ದೋಷ, ಅದು ಕಂಡರೆ 445ರ ಪರೀಕ್ಷೆಗೆ ವಾಪಸ್ ಹೋಗಿ.

ವಿಂಡೋಸ್ 11ರ 24ಎಚ್2 ಅಪ್‌ಡೇಟ್ ಆದ ಮೇಲೆ ಹಳೆಯ ನ್ಯಾಸ್ ಡಬ್ಬಿ (ನೆಟ್‌ವರ್ಕಿಗೇ ಸಿಕ್ಕಿಸಿದ ಡಿಸ್ಕ್) ತೆರೆಯುತ್ತಿಲ್ಲ ಎನ್ನುವವರಿಗೂ ಉತ್ತರ ಇದೇ. ಪ್ರೊ ಆವೃತ್ತಿಯಲ್ಲಿ ಆಗಿನಿಂದ ಪಾಸ್‌ವರ್ಡಿಲ್ಲದ ಗೆಸ್ಟ್ ಪ್ರವೇಶ ಬಂದ್, ಎಸ್‌ಎಂಬಿ ಸೈನಿಂಗ್ (ಪ್ರತಿ ಸಂದೇಶಕ್ಕೂ ಸಹಿ) ಕಡ್ಡಾಯ. ರಿಜಿಸ್ಟ್ರಿ ತಿದ್ದಿ ಗೆಸ್ಟನ್ನು ಮರಳಿ ತರುವ ಬದಲು ನ್ಯಾಸ್‌ನಲ್ಲಿ ಒಂದು ಯೂಸರ್ ಮಾಡಿ ಪಾಸ್‌ವರ್ಡ್ ಇಡಿ.

ಕಾಪಿ ಎಷ್ಟು ಹೊತ್ತು?

100 ಎಂಬಿಪಿಎಸ್ ಈಥರ್‌ನೆಟ್‌ನಲ್ಲಿ ಸೆಕೆಂಡಿಗೆ ಸುಮಾರು 11 ಎಂಬಿ ಹೋಗುತ್ತದೆ, ಗಿಗಾಬಿಟ್‌ನಲ್ಲಿ ಸುಮಾರು 110. ಅಂದರೆ 100 ಜಿಬಿ ಫೋಟೋ, ವಿಡಿಯೋಗೆ ಒಂದರಲ್ಲಿ ಎರಡೂವರೆ ಗಂಟೆ, ಇನ್ನೊಂದರಲ್ಲಿ 15 ನಿಮಿಷ. ಗಿಗಾಬಿಟ್ ಪೋರ್ಟ್ ಇದ್ದೂ 11 ದಾಟುತ್ತಿಲ್ಲವೆಂದರೆ ಕೇಬಲ್ ನೋಡಿ. ಗಿಗಾಬಿಟ್ಟಿಗೆ ಒಳಗಿನ 4 ಜೋಡಿ ತಂತಿಗಳೂ ಬೇಕು. ಒಂದು ತಂತಿ ಸರಿಯಾಗಿ ಕ್ರಿಂಪ್ ಆಗಿಲ್ಲದಿದ್ದರೂ ಎರಡೂ ತುದಿ ಸದ್ದಿಲ್ಲದೆ 100ಕ್ಕೆ ಇಳಿಯುತ್ತವೆ. ಕೆಲವು ಫೈಬರ್ ಡಬ್ಬಿಗಳಲ್ಲಿ ಒಂದೇ ಪೋರ್ಟ್ ಗಿಗಾಬಿಟ್, ಉಳಿದವು 100.

ವೈಫೈಯಲ್ಲಿ ಎರಡೂ ಯಂತ್ರ ಇದ್ದರೆ ಪ್ರತಿ ಬೈಟ್ ಗಾಳಿಯಲ್ಲಿ ಎರಡು ಸಲ ಓಡಬೇಕು, ಒಮ್ಮೆ ರೌಟರಿಗೆ, ಒಮ್ಮೆ ರೌಟರಿನಿಂದ. ವೇಗ ಅರ್ಧ. ಒಂದು ಯಂತ್ರಕ್ಕಾದರೂ ಕೇಬಲ್ ಹಾಕಿ. ದೊಡ್ಡ ಕಾಪಿ ಇದ್ದ ದಿನ ಎರಡಕ್ಕೂ ಹಾಕಿ.

ಒಂದು ಲಕ್ಷ ಚಿಕ್ಕ ಫೈಲಿರುವ 10 ಜಿಬಿ ಫೋಲ್ಡರ್, ಒಂದೇ 10 ಜಿಬಿ ವಿಡಿಯೋಗಿಂತ ಎಷ್ಟೋ ಪಟ್ಟು ತಡ. ಪ್ರತಿ ಫೈಲಿಗೂ ಸೃಷ್ಟಿಸು, ಬರೆ, ದಿನಾಂಕ ಹಾಕು, ಮುಚ್ಚು ಎಂದು ನೆಟ್‌ವರ್ಕಿನಲ್ಲಿ ಹೋಗಿ ಬರುವ ಮಾತುಕತೆ ಇದೆ. ಇಂಥದನ್ನು 7-ಜಿಪ್‌ನಲ್ಲಿ ಒಂದೇ ಫೈಲ್ ಮಾಡಿ ಕಳಿಸಿ, ಕುಗ್ಗಿಸುವ ಅಗತ್ಯವಿಲ್ಲ, ‘ಸ್ಟೋರ್’ ಸಾಕು. ಹಳೆಯ ವಿಂಡೋಸ್‌ಗಳ ಒಳಗೇ ಇರುವ ಜಿಪ್ ಸೌಲಭ್ಯ ಕನ್ನಡ ಹೆಸರಿನ ಫೈಲುಗಳನ್ನು ನಿರಾಕರಿಸುತ್ತದೆ.

ರೋಬೋಕಾಪಿ

ಎಕ್ಸ್‌ಪ್ಲೋರರ್‌ನಲ್ಲಿ ಎಳೆದು ಬಿಡುವುದು ಹತ್ತು ಫೈಲಿಗೆ ಸರಿ. ಅರ್ಧದಲ್ಲಿ ಕರೆಂಟ್ ಹೋಗಿ ರೌಟರ್ ಆರಿದರೆ ಎಲ್ಲಿಯವರೆಗೆ ಹೋಗಿತ್ತು ಎಂದು ಅದು ಹೇಳುವುದಿಲ್ಲ. ವಿಸ್ಟಾ ಕಾಲದಿಂದ ಪ್ರತಿ ವಿಂಡೋಸಿನಲ್ಲೂ ಇರುವ ರೋಬೋಕಾಪಿ ಅದೇ ಆಜ್ಞೆಯನ್ನು ಮತ್ತೆ ಕೊಟ್ಟರೆ ಗಾತ್ರ ಮತ್ತು ದಿನಾಂಕ ಹೊಂದುವ ಫೈಲುಗಳನ್ನು ಬಿಟ್ಟು ಉಳಿದದ್ದನ್ನು ಮುಂದುವರಿಸುತ್ತದೆ.

ರೋಬೋಕಾಪಿ "ಡಿ:\ಫೋಟೋ" "\\192.168.1.20\ಹಂಚಿಕೆ\ಫೋಟೋ" /ಇ /ಆರ್:2 /ಡಬ್ಲ್ಯೂ:5 /ಎಂಟಿ:8 /ಎಕ್ಸ್‌ಜೆ /ಡಿಕಾಪಿ:ಡಿಎಟಿ /ಯೂನಿಲಾಗ್:ಡಿ:\ಲಾಗ್.ಟಿಎಕ್ಸ್‌ಟಿ

‘ಇ’ ಎಂದರೆ ಒಳಫೋಲ್ಡರುಗಳೂ ಸೇರಿ, ‘ಎಂಟಿ:8’ ಎಂದರೆ ಒಮ್ಮೆಗೆ 8 ಫೈಲ್, ‘ಎಕ್ಸ್‌ಜೆ’ ಎಂದರೆ ಬೇರೆ ಫೋಲ್ಡರಿಗೆ ಕೊಂಡಿಯಷ್ಟೇ ಆಗಿರುವುದನ್ನು ಬಿಡು. ‘ಆರ್’ (ಎಷ್ಟು ಸಲ ಮರುಪ್ರಯತ್ನ) ಮತ್ತು ‘ಡಬ್ಲ್ಯೂ’ (ನಡುವೆ ಎಷ್ಟು ಸೆಕೆಂಡ್) ಬಿಡಲೇಬೇಡಿ. ಅವು ಇಲ್ಲದಿದ್ದರೆ, ತೆರೆಯಲಾಗದ ಒಂದು ಫೈಲ್ ಸಿಕ್ಕಾಗ ರೋಬೋಕಾಪಿ 30 ಸೆಕೆಂಡಿಗೊಮ್ಮೆ 10 ಲಕ್ಷ ಸಲ ಪ್ರಯತ್ನಿಸುತ್ತದೆ. ‘ಡಿಕಾಪಿ’ಯಿಂದ ಫೋಲ್ಡರುಗಳ ಹಳೆಯ ದಿನಾಂಕ ಉಳಿಯುತ್ತದೆ. ‘ಯೂನಿಲಾಗ್’ ನಮಗೆ ವಿಶೇಷವಾಗಿ ಬೇಕು: ಸಾಮಾನ್ಯ ‘ಲಾಗ್’ ಹಾಕಿದರೆ ಕನ್ನಡ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ, ಯಾವ ಫೈಲ್ ತಪ್ಪಿತೆಂದು ತಿಳಿಯುವುದೇ ಇಲ್ಲ. ದಾರಿಯ ಕೊನೆಗೆ, ಮುಚ್ಚುವ ಉದ್ಧರಣ ಚಿಹ್ನೆಯ ಹಿಂದೆ, ಹಿಂದುಗಟ್ಟೆ ಹಾಕಬೇಡಿ, ಆಜ್ಞೆ ಮುರಿಯುತ್ತದೆ. ಇದನ್ನು ಬ್ಯಾಚ್ ಫೈಲಿನಲ್ಲಿ ಬರೆದು ಒಳಗೆ ಕನ್ನಡ ಹೆಸರು ಇದ್ದರೆ ಯುಟಿಎಫ್-8ರಲ್ಲಿ ಸೇವ್ ಮಾಡಿ, ಮೊದಲ ಸಾಲು ‘ಸಿಎಚ್‌ಸಿಪಿ 65001’ ಇರಲಿ. ಝಡ್ ಅಕ್ಷರ ಕೊಟ್ಟು ಮ್ಯಾಪ್ ಮಾಡಿದ ಡ್ರೈವ್ ಅಡ್ಮಿನ್ ಪ್ರಾಂಪ್ಟಿಗೆ ಕಾಣುವುದಿಲ್ಲ, ಹಾಗಾಗಿ ಎರಡು ಹಿಂದುಗಟ್ಟೆಯ ಪೂರ್ಣ ದಾರಿಯನ್ನೇ ಬಳಸಿ.

‘ಎಂಐಆರ್’ ಎಂಬ ಆಯ್ಕೆ ಎಲ್ಲರೂ ಶಿಫಾರಸು ಮಾಡುವಂಥದ್ದು. ಅದು ಮೂಲದಲ್ಲಿ ಇಲ್ಲದ್ದನ್ನು ಗುರಿಯಿಂದ ಅಳಿಸುತ್ತದೆ. ಮೂಲ ಮತ್ತು ಗುರಿ ಅದಲುಬದಲಾದರೆ ಅಥವಾ ತಪ್ಪಿ ಖಾಲಿ ಫೋಲ್ಡರನ್ನು ಮೂಲವೆಂದು ಕೊಟ್ಟರೆ ಗುರಿ ಗುಡಿಸಿ ಹೋಗುತ್ತದೆ, ಮತ್ತು ನೆಟ್‌ವರ್ಕಿನ ಮೂಲಕ ಅಳಿಸಿದ್ದು ರೀಸೈಕಲ್ ಬಿನ್ನಿಗೆ ಹೋಗುವುದಿಲ್ಲ. ‘ಎಂಐಆರ್’ ಬಳಸುವುದಾದರೆ ಮೊದಲು ಅದೇ ಸಾಲಿಗೆ ‘/ಎಲ್’ ಸೇರಿಸಿ ಓಡಿಸಿ: ಏನು ಮಾಡಲಿದ್ದೇನೆಂದು ಪಟ್ಟಿ ಕೊಡುತ್ತದೆ, ಮುಟ್ಟುವುದಿಲ್ಲ.

ಒನ್‌ಡ್ರೈವ್ ಫೋಲ್ಡರಾದರೆ ಮೊದಲು ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಮಾಡಿ, ಎಲ್ಲ ಇಳಿಯುವವರೆಗೆ ಕಾಯಿರಿ. ಮೋಡದ ಗುರುತಿರುವ ಫೈಲ್ ಯಂತ್ರದಲ್ಲಿ ಇರುವುದೇ ಇಲ್ಲ. ಟ್ಯಾಲಿ ಡೇಟಾ, ಔಟ್‌ಲುಕ್‌ನ ಪಿಎಸ್‌ಟಿ ಫೈಲುಗಳನ್ನು ಆ ಪ್ರೋಗ್ರಾಮ್ ಮುಚ್ಚಿದ ಮೇಲೆಯೇ ಕಾಪಿ ಮಾಡಿ. ಎರಡೂ ಯಂತ್ರ ನಿದ್ದೆಗೆ ಹೋಗದಂತೆ ಪವರ್ ಸೆಟ್ಟಿಂಗಿನಲ್ಲಿ ‘ನೆವರ್’ ಇರಲಿ.

ಕನ್ನಡ ಹೆಸರುಗಳ ತೊಡಕು

ಇದರ ಬಗ್ಗೆ ಕನ್ನಡದಲ್ಲಿ ಬರೆದದ್ದು ಕಡಿಮೆ, ಆದ್ದರಿಂದ ಸ್ವಲ್ಪ ವಿವರವಾಗಿ.

ವಿಂಡೋಸ್ ಒಂದು ಫೈಲ್ ಹೆಸರಿಗೆ 255 ಸಂಕೇತ ಕೊಡುತ್ತದೆ. ಲಿನಕ್ಸ್ ಕೊಡುವುದು 255 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್, ಹಾಗಾಗಿ 85 ಸಂಕೇತಕ್ಕೆ ಮುಗಿಯಿತು. ಸಂಕೇತವೆಂದರೆ ಅಕ್ಷರವಲ್ಲ: ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ, ಲೆಕ್ಕದಲ್ಲಿ ಸ, ವಿರಾಮ, ತ, ವಿರಾಮ, ರ, ದೀರ್ಘ ಎಂದು 6 ಸಂಕೇತ, 18 ಬೈಟ್. ಲೇಖನದ ಶೀರ್ಷಿಕೆಯನ್ನೇ ಫೈಲ್ ಹೆಸರಾಗಿ ಇಡುವವರಿಗೆ ಈ ಮಿತಿ ಬೇಗ ತಟ್ಟುತ್ತದೆ. ಸೈನಾಲಜಿ ಕಂಪನಿಯ ನ್ಯಾಸ್‌ಗಳ ಎನ್‌ಕ್ರಿಪ್ಟ್ ಮಾಡಿದ ಶೇರ್ಡ್ ಫೋಲ್ಡರ್‌ಗಳಲ್ಲಿ ಮಿತಿ 143 ಬೈಟ್, ಕನ್ನಡಕ್ಕೆ 47 ಸಂಕೇತ. ನ್ಯಾಸ್‌ಗೆ ಕಾಪಿ ಮಾಡುವಾಗ ಕನ್ನಡ ಹೆಸರಿನವು ಮಾತ್ರ ಉಳಿದುಬಿಟ್ಟರೆ ಹೆಸರು ಚಿಕ್ಕದು ಮಾಡಿ ನೋಡಿ.

ಎರಡನೆಯದು, ಕಣ್ಣಿಗೆ ಕಾಣದ ಸಂಕೇತ. ‘ಮದುವೆ ಫೋಟೋಸ್’ ಎಂಬ ಒಂದೇ ಹೆಸರಿನ ಎರಡು ಫೋಲ್ಡರ್ ಪಕ್ಕಪಕ್ಕ ಕೂತಿರುವುದನ್ನು ನೀವೂ ಕಂಡಿರಬಹುದು. ಒಂದೇ ಹೆಸರಲ್ಲ ಅದು. ಕೆಲವು ಕೀಬೋರ್ಡ್‌ಗಳು ಅರ್ಧಾಕ್ಷರದ ನಂತರ ಶೂನ್ಯ ಅಗಲದ ‘ನಾನ್-ಜಾಯ್ನರ್’ ಸಂಕೇತ ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಪದದ ಕೊನೆಯಲ್ಲಿದ್ದರೆ ರೂಪ ಬದಲಾಗುವುದಿಲ್ಲ, ಹೆಸರು ಮಾತ್ರ ಬದಲಾಗುತ್ತದೆ. ರೋಬೋಕಾಪಿಗೆ ಅವು ಎರಡು ಬೇರೆ ಫೋಲ್ಡರ್, ಹಾಗಾಗಿ ಎಲ್ಲವೂ ಎರಡೆರಡು ಸಲ ಕಾಪಿ. ಎಫ್2 ಒತ್ತಿ, ಹೆಸರಿನ ಕೊನೆಗೆ ಹೋಗಿ ಒಮ್ಮೆ ಬ್ಯಾಕ್‌ಸ್ಪೇಸ್ ಒತ್ತಿ. ಏನೂ ಅಳಿದಂತೆ ಕಾಣದಿದ್ದರೆ ಅಳಿದದ್ದು ಅದೇ.

ಮೂರನೆಯದು ಹಳೆಯ ಮ್ಯಾಕ್‌ಗಳಿಂದ ಬರುವುದು. ಅವುಗಳ ಎಚ್‌ಎಫ್‌ಎಸ್ ಪ್ಲಸ್ ಮಾದರಿಯ ಡಿಸ್ಕುಗಳು ‘ಓ’ಕಾರದಂಥ ಸ್ವರಚಿಹ್ನೆಗಳನ್ನು ಬಿಡಿಸಿ, ತುಂಡು ತುಂಡಾಗಿ ಇಟ್ಟುಕೊಳ್ಳುತ್ತವೆ. ‘ಫೋಟೋ’, ‘ಮೈಸೂರು’ ಎಂಬ ಹೆಸರುಗಳು ಲಿನಕ್ಸಿಗೆ ಬೇರೆಯೇ ಹೆಸರಾಗುತ್ತವೆ. ಮ್ಯಾಕ್, ಲಿನಕ್ಸ್‌ಗಳ ಕಾಪಿ ಆಜ್ಞೆಯಾದ ಆರ್‌ಸಿಂಕ್‌ನಲ್ಲಿ ‘--ಐಕಾನ್ವ್’ ಆಯ್ಕೆ ಇರುವುದು ಇದಕ್ಕೇ; ಮ್ಯಾಕಿನಿಂದ ಕಳಿಸುವಾಗ ‘ಯುಟಿಎಫ್-8-ಮ್ಯಾಕ್,ಯುಟಿಎಫ್-8’ ಎಂದು ಕೊಡಬೇಕು.

ಲಿನಕ್ಸ್, ಮ್ಯಾಕ್, ಮೊಬೈಲ್

ಉಬುಂಟು ಅಥವಾ ಮಿಂಟ್‌ನಲ್ಲಿ ಸಾಂಬಾ (ಲಿನಕ್ಸಿನಲ್ಲಿ ಎಸ್‌ಎಂಬಿ ಹಂಚಿಕೆ ಮಾಡುವ ಪ್ರೋಗ್ರಾಮ್) ಹಾಕಿ, ಯೂಸರ್ ಮಾಡಿದ ಮೇಲೆ ‘ಸುಡೋ ಎಸ್‌ಎಂಬಿಪಾಸ್‌ಡಬ್ಲ್ಯೂಡಿ -ಎ’ ಆಜ್ಞೆಗೆ ಯೂಸರ್ ಹೆಸರು ಸೇರಿಸಿ ಪಾಸ್‌ವರ್ಡ್ ಕೊಡಿ. ಸಾಂಬಾದ ಪಾಸ್‌ವರ್ಡ್ ಪಟ್ಟಿ ಲಿನಕ್ಸಿನದಕ್ಕಿಂತ ಬೇರೆ. ಇದು ತಿಳಿಯದೆ ‘ಸರಿಯಾದ ಪಾಸ್‌ವರ್ಡೇ ಕೊಟ್ಟೆ, ತೆಗೆದುಕೊಳ್ಳುತ್ತಿಲ್ಲ’ ಎನ್ನುವವರು ಬಹಳ. ಎರಡು ಲಿನಕ್ಸ್ ಯಂತ್ರಗಳ ನಡುವೆ ಸಾಂಬಾ ಬೇಕಿಲ್ಲ, ಎಸ್‌ಎಸ್‌ಎಚ್ ಮೇಲೆ ಆರ್‌ಸಿಂಕ್ ಸಾಕು. ಅದರಲ್ಲಿ ಮೂಲದ ಕೊನೆಗೆ ಓರೆಗೆರೆ ಹಾಕಿದರೆ ಒಳಗಿನದ್ದು ಮಾತ್ರ ಹೋಗುತ್ತದೆ, ಹಾಕದಿದ್ದರೆ ಫೋಲ್ಡರ್ ಸಮೇತ.

ಮ್ಯಾಕ್‌ನಲ್ಲಿ ಸೆಟ್ಟಿಂಗ್ಸ್, ಜನರಲ್, ಶೇರಿಂಗ್, ಫೈಲ್ ಶೇರಿಂಗ್. ಅದರ ‘ಆಪ್ಷನ್ಸ್’ ಒಳಗೆ ವಿಂಡೋಸ್ ಫೈಲ್ ಶೇರಿಂಗಿಗೆ ಆ ಯೂಸರನ್ನು ಟಿಕ್ ಮಾಡದಿದ್ದರೆ ವಿಂಡೋಸಿನಿಂದ ಲಾಗಿನ್ ಆಗದಿರಬಹುದು. ಮೊಬೈಲಿನಿಂದ ನಾಲ್ಕು ಫೋಟೋ ಕಳಿಸುವುದಕ್ಕೆ ಇಷ್ಟೆಲ್ಲ ಬೇಡ, ಲೋಕಲ್‌ಸೆಂಡ್ ಆ್ಯಪ್ ಎರಡೂ ಕಡೆ ಹಾಕಿದರೆ ಆಯಿತು.

ಮುಗಿದ ಮೇಲೆ

ಕಟ್ ಮಾಡಿ ಪೇಸ್ಟ್ ಮಾಡಬೇಡಿ, ಯಾವಾಗಲೂ ಕಾಪಿ. ನಂತರ ಅದೇ ರೋಬೋಕಾಪಿ ಸಾಲನ್ನು ‘/ಎಲ್’ ಸೇರಿಸಿ ಓಡಿಸಿ. ಲಾಗ್ ಫೈಲಿನ ಕೊನೆಯ ಕೋಷ್ಟಕದ ಫೈಲ್ಸ್ ಸಾಲಿನಲ್ಲಿ ‘ಕಾಪೀಡ್’ ಮತ್ತು ‘ಫೇಲ್ಡ್’ ಕೆಳಗೆ 0 ಬಂದರೆ ಗಾತ್ರ, ದಿನಾಂಕ ಎಲ್ಲ ಹೊಂದಿವೆ. ತೀರಾ ಮುಖ್ಯವಾದ ಕೆಲವು ಫೈಲುಗಳಿಗೆ ಎರಡೂ ಯಂತ್ರದಲ್ಲಿ ‘ಸರ್ಟ್‌ಯುಟಿಲ್ -ಹ್ಯಾಶ್‌ಫೈಲ್’ ಆಜ್ಞೆಗೆ ಫೈಲ್ ಹೆಸರು ಮತ್ತು ‘ಎಸ್‌ಎಚ್‌ಎ256’ ಕೊಟ್ಟು, ಬಂದ ಸಾಲುಗಳನ್ನು ಹೋಲಿಸಿ. ಇಷ್ಟಾದ ಮೇಲೆಯೇ ಹಳೆಯದನ್ನು ಅಳಿಸುವ ಯೋಚನೆ.

ಹಂಚಿಕೆ ಒಂದು ದಿನದ ಕೆಲಸಕ್ಕಷ್ಟೇ ಆಗಿದ್ದರೆ ‘ನೆಟ್ ಶೇರ್ ಹಂಚಿಕೆ /ಡಿಲೀಟ್’ ಕೊಡಿ. ಹೆಸರು ಹೆದರಿಸುವಂತಿದ್ದರೂ ಅಳಿಯುವುದು ಶೇರ್ ಮಾತ್ರ, ಫೋಲ್ಡರ್ ಮತ್ತು ಫೈಲುಗಳು ಹಾಗೇ ಇರುತ್ತವೆ. ಯೂಸರನ್ನು ‘ನೆಟ್ ಯೂಸರ್ ಹಂಚಿಕೆ /ಆ್ಯಕ್ಟಿವ್:ನೋ’ ಎಂದು ಮಲಗಿಸಿಡಿ. ಮುಂದಿನ ಸಲ ಬೇಕಾದಾಗ ‘ನೋ’ ಬದಲು ‘ಯೆಸ್’.